ನಾಲ್ಕು ಬಳ್ಳಿ ವೆನಿಲ್ಲಾ, ಒಂದು ಕಂಬಳಿ

2003ರ ಸುಮಾರಿಗೆ ನಮ್ಮ ಮಲೆನಾಡಲ್ಲಿ ಎಲ್ಲರೂ ವೆನಿಲ್ಲಾ ನೆಟ್ಟವರೇ. ದರ ಬಿದ್ದ ಮೇಲೆ ಕಿತ್ತೆಸೆದರು. ನಾನು ಮಾತ್ರ ಗ್ಲಿರಿಸಿಡಿಯಾ ಮರಕ್ಕೆ ಹಬ್ಬಿದ ನಾಲ್ಕು ಬಳ್ಳಿ ಉಳಿಸಿಕೊಂಡೆ, ಮನೆ ಪಾಯಸಕ್ಕೆ.

ಬುಡಕ್ಕೆ ತರಗೆಲೆ ಹಾಕಿ, ಅರ್ಧ ನೆರಳು ಕೊಡಿ. ನೀರು ನಿಲ್ಲಬಾರದು. ಮೂರನೇ ವರ್ಷ ಹೂ ಬರುತ್ತದೆ. ಹೂವಿಗೆ ಒಂದೇ ದಿನದ ಆಯಸ್ಸು, ಬೆಳಿಗ್ಗೆ ಹನ್ನೊಂದರೊಳಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ನಾನು ಪೊರಕೆ ಕಡ್ಡಿ ಬಳಸುತ್ತೇನೆ. ಹೂವಿನೊಳಗೆ ಪರಾಗಕ್ಕೂ ಅದು ಅಂಟಬೇಕಾದ ಜಾಗಕ್ಕೂ ನಡುವೆ ಒಂದು ಸಣ್ಣ ಪೊರೆ ಇರುತ್ತದೆ. ಅದನ್ನು ಕಡ್ಡಿಯಿಂದ ಮೇಲೆತ್ತಿ, ಹಳದಿ ಪರಾಗದ ಮುದ್ದೆಯನ್ನು ಹೆಬ್ಬೆರಳಿನಿಂದ ಆ ಜಾಗಕ್ಕೆ ಮೆತ್ತಗೆ ಒತ್ತಿ. ಮೊದಲ ವರ್ಷ ಜೋರಾಗಿ ಒತ್ತಿ ಅರ್ಧ ಹೂ ಹಾಳು ಮಾಡಿದ್ದೆ! ಒಂದು ಗೊಂಚಲಿಗೆ ಎಂಟು–ಹತ್ತು ಕಾಯಿ ಸಾಕು, ಆಸೆ ಜಾಸ್ತಿ ಬೇಡ.

ಒಂಬತ್ತು ತಿಂಗಳಾದ ಮೇಲೆ ತುದಿ ಹಳದಿಯಾಗುತ್ತದೆ. ಆಗಲೇ ಕೊಯ್ಯಿರಿ, ತಡವಾದರೆ ಸೀಳುತ್ತದೆ. ಹಸಿಕಾಯಿಗೆ ಪರಿಮಳವೇ ಇಲ್ಲ, ಗೊತ್ತಲ್ವಾ? 65 ಡಿಗ್ರಿ ನೀರಲ್ಲಿ ಮೂರು ನಿಮಿಷ ಅದ್ದಿ. ಥರ್ಮಾಮೀಟರ್ ಇರಲಿ, ಕುದಿಯುವ ನೀರು ಹಾಕಿದರೆ ಬೆಂದು ಹೋಗುತ್ತದೆ. ಬಿಸಿಬಿಸಿಯಾಗಿಯೇ ಕಂಬಳಿಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಮರುದಿನ ಕಾಯಿ ಚಾಕಲೇಟ್ ಬಣ್ಣಕ್ಕೆ ತಿರುಗಿರುತ್ತದೆ.

ಆಮೇಲೆ ಹತ್ತು ದಿನ ಮಧ್ಯಾಹ್ನ ಎರಡು ಗಂಟೆ ಬಿಸಿಲು, ಸಂಜೆ ಮತ್ತೆ ಕಂಬಳಿ. ನಂತರ ಒಂದು ತಿಂಗಳು ನೆರಳು. ಬೆರಳಿಗೆ ಸುತ್ತಿದರೆ ಮುರಿಯದೆ ಬಳುಕಬೇಕು. ಕೊನೆಗೆ ಬೆಣ್ಣೆ ಕಾಗದದಲ್ಲಿ ಸುತ್ತಿ ಎರಡು ತಿಂಗಳು ಡಬ್ಬಿಯಲ್ಲಿಡಿ. ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ, ಬೂಸ್ಟು ಕಂಡ ಕಾಯಿಯನ್ನು ತೆಗೆದುಬಿಡಿ.