ನ್ಯೂರಾಲಜಿ ಪೋಸ್ಟಿಂಗ್‌ಗೆ ಬಂದ ಮೆಡಿಸಿನ್ ಪಿಜಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು

ಎಂಡಿ ಜನರಲ್ ಮೆಡಿಸಿನ್‌ನ ಮೂರು ವರ್ಷದಲ್ಲಿ ನ್ಯೂರಾಲಜಿ ಪೋಸ್ಟಿಂಗ್ ಸಿಗುವುದು ಸಾಮಾನ್ಯವಾಗಿ ಒಂದು ತಿಂಗಳು, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ಯಾರೂ ನ್ಯೂರಾಲಜಿಸ್ಟ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಈ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ನಾಳೆ ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ರಾತ್ರಿ ಡ್ಯೂಟಿಗೆ ಒಬ್ಬರೇ ಇರುತ್ತಾರೆ. ಆಗ ಬೇಕಾಗುವುದು ಎರಡೇ: ತೊಂದರೆ ನರಮಂಡಲದ ಯಾವ ಜಾಗದಲ್ಲಿದೆ ಎಂದು ಪರೀಕ್ಷಿಸಿ ಹೇಳುವುದು, ಗಂಟೆಗಳಲ್ಲಿ ಕೈಮೀರುವ ನಾಲ್ಕೈದು ಸ್ಥಿತಿಗಳನ್ನು ತಡಮಾಡದೆ ನಿಭಾಯಿಸುವುದು. ಅಪರೂಪದ ಅಟಾಕ್ಸಿಯಾ (ತೂರಾಡುವ ಕಾಯಿಲೆ), ಹೊಸ ಹೊಸ ಆಂಟಿಬಾಡಿಗಳೆಲ್ಲ ಎದುರಾದರೆ ನೋಡಲಿ, ಅದಕ್ಕೆಂದು ಸಮಯ ಎತ್ತಿಡಬೇಡಿ.

ಪೋಸ್ಟಿಂಗನ್ನು ಮೊದಲ ಆರು ತಿಂಗಳಲ್ಲಿ ಇಡದಿರುವುದು ಒಳ್ಳೆಯದು. ಸಕ್ಕರೆ, ಸೋಡಿಯಂ, ಬಿಪಿಯನ್ನೇ ಇನ್ನೂ ಸಂಭಾಳಿಸಲು ಕಲಿಯುತ್ತಿರುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಗೆ ಹೋಗುವ ಮುಂಚೆ ಮುಗಿಸಿದರೆ ಕಲಿತದ್ದು ಅಲ್ಲಿ ನೇರ ಬಳಕೆಗೆ ಬರುತ್ತದೆ.

ಮೊದಲ ದಿನ

ಮೊದಲು ಪಿಜಿಯ ಚೀಲ ನೋಡಿ. ಉದ್ದ ಹಿಡಿಯ ಹ್ಯಾಮರ್, 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್, ಪೆನ್ ಟಾರ್ಚ್, ಹತ್ತಿ, ಒಬ್ಬರಿಗೆ ಬಳಸಿ ಎಸೆಯುವ ಪಿನ್, ಚಾರ್ಜ್ ಇರುವ ಆಫ್ತಾಲ್ಮೋಸ್ಕೋಪ್. ಚಿಕ್ಕ, ಹಗುರ ಹ್ಯಾಮರ್‌ನಲ್ಲಿ ಏಟು ಸರಿಯಾಗಿ ಬೀಳದೆ ಇರುವ ರಿಫ್ಲೆಕ್ಸೂ ‘ಇಲ್ಲ’ ಎಂದು ಕೇಸ್ ಶೀಟಿಗೆ ಹೋಗುತ್ತದೆ. ಇಎನ್‌ಟಿ ಕಡೆಯಿಂದ ತಂದ 512ರ ಫೋರ್ಕ್ ಕಂಪನ ಪರೀಕ್ಷೆಗೆ ಆಗಿಬರುವುದಿಲ್ಲ.

ಆಮೇಲೆ ಒಬ್ಬ ರೋಗಿಯನ್ನು ಕೊಟ್ಟು, ಇಪ್ಪತ್ತು ನಿಮಿಷ ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿ. ನಡುವೆ ತಿದ್ದಬಾರದು. ಈ ಒಂದು ಕೆಲಸವನ್ನು ನಾವು ಕಲಿಸುವವರು ಮಾಡುವುದೇ ಕಡಿಮೆ. ರೌಂಡ್ಸ್‌ನಲ್ಲಿ ಪಿಜಿ ಒಪ್ಪಿಸಿದ್ದನ್ನು ಕೇಳುತ್ತೇವೆಯೇ ಹೊರತು ಅವರ ಕೈ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದಿಲ್ಲ. ನೋಡಿದರೆ ಬಹುತೇಕ ಇವೇ ತಪ್ಪುಗಳು ಕಾಣುತ್ತವೆ: ರೋಗಿಯನ್ನು ಎಬ್ಬಿಸಿ ನಡೆಸುವುದಿಲ್ಲ. ಕತ್ತು ಬಗ್ಗಿಸುವ ಸ್ನಾಯುಗಳ ಬಲ ನೋಡುವುದಿಲ್ಲ. ಹಲ್ಲು ಕಚ್ಚಿಸಿ, ಎರಡೂ ಕೈಬೆರಳು ಹೆಣೆದು ಎಳೆಸಿ ಮತ್ತೊಮ್ಮೆ ತಟ್ಟದೆ ರಿಫ್ಲೆಕ್ಸ್ ಇಲ್ಲವೆಂದು ಬರೆಯುತ್ತಾರೆ. ಪಿನ್ನನ್ನು ಎದೆ ಹೊಟ್ಟೆಯ ಮೇಲೆ ಮಾತ್ರ ಆಡಿಸಿ ಬೆನ್ನು ಬಿಡುತ್ತಾರೆ. ಫಂಡಸ್ (ಕಣ್ಣಿನ ಹಿಂಪರದೆ) ನೋಡದೆಯೇ ‘ನಾರ್ಮಲ್’ ಎಂದು ಬರೆಯುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ನೋಡಿಲ್ಲದಿದ್ದರೆ ‘ನೋಡಿಲ್ಲ’ ಎಂದೇ ಬರೆಯಬೇಕೆಂದು ಮೊದಲ ದಿನವೇ ಹೇಳಿಬಿಡಿ.

ಕೇಳುವ ಪ್ರಶ್ನೆಗಳು

ನಮ್ಮ ಓಪಿಡಿಯಲ್ಲಿ ‘ಕಾಲು ಜೋಮು’ ಎಂದವರಿಗೆ ಬಲ ಕಡಿಮೆಯಾಗಿರಬಹುದು, ಸ್ಪರ್ಶವೂ ಕಡಿಮೆಯಾಗಿರಬಹುದು. ಹೌದು–ಅಲ್ಲ ಪ್ರಶ್ನೆಗಳಿಂದ ಇದು ಬಗೆಹರಿಯುವುದಿಲ್ಲ; ದಿನನಿತ್ಯದ ಕೆಲಸ ಹಿಡಿದು ಕೇಳಿಸಿ. ಚಪ್ಪಲಿ ಕಾಲಿನಿಂದ ಜಾರುತ್ತದೆಯೇ? ಜಾರಿದ್ದು ಗೊತ್ತಾಗಿಯೂ ತಡೆಯಲಾಗದಿದ್ದರೆ ಪಾದದ ಬಲ ಹೋಗಿದೆ. ಜಾರಿದ್ದೇ ತಿಳಿಯದೆ ಬರಿಗಾಲಲ್ಲಿ ಮುಂದೆ ನಡೆದಿದ್ದರೆ ಸ್ಪರ್ಶಜ್ಞಾನ ಹೋಗಿದೆ. ಕುಕ್ಕರಗಾಲಲ್ಲಿ ಕೂತು ಏಳಲು ಏನಾದರೂ ಹಿಡಿದುಕೊಳ್ಳಬೇಕಾದರೆ ಸೊಂಟ–ತೊಡೆಯ ಸ್ನಾಯು. ಅನ್ನ ಕಲಸಿ ತುತ್ತು ಕಟ್ಟಲು, ಗುಂಡಿ ಹಾಕಲು ಆಗದಿದ್ದರೆ ಕೈಬೆರಳು. ತಲೆಗೆ ನೀರು ಹೊಯ್ದುಕೊಳ್ಳಲು ಆಗದಿದ್ದರೆ ಭುಜ. ಮುಖ ತೊಳೆಯಲು ಕಣ್ಣು ಮುಚ್ಚಿದಾಗ ತೂರಾಡುತ್ತಾರೆಂದರೆ ಬೆನ್ನುಹುರಿಯ ಹಿಂಭಾಗದ ದಾರಿಗಳು ಅಥವಾ ದಪ್ಪ ಸಂವೇದನಾ ನರಗಳು ಕೆಟ್ಟಿರಬಹುದು, ಬಿ12 ಮರೆಯಬೇಡಿ.

ಫಿಟ್ಸ್ ಎಂದು ಬಂದವರ ವಿಷಯದಲ್ಲಿ ಕಂಡವರ ಮಾತೇ ಮುಖ್ಯ. ಮನೆಯವರಿಗೆ ಫೋನ್ ಹಚ್ಚಿ ಕೇಳಲಿ, ಮೊಬೈಲ್‌ನಲ್ಲಿ ವಿಡಿಯೋ ಇದ್ದರೆ ತರಿಸಿಕೊಳ್ಳಲಿ. ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿಗಿಂತ ಅರ್ಧ ನಿಮಿಷದ ವಿಡಿಯೋ ಹೆಚ್ಚು ಹೇಳುವುದುಂಟು.

ಸ್ಕ್ಯಾನ್ ತೆರೆಯುವ ಮುನ್ನ ಮೂರು ಸಾಲು

ಇಡೀ ಪೋಸ್ಟಿಂಗ್‌ನಲ್ಲಿ ಒಂದೇ ನಿಯಮ ಜಾರಿಗೆ ತರಲು ಸಾಧ್ಯವಾದರೆ ಇದನ್ನು ತನ್ನಿ. ಫಿಲ್ಮ್ ಬಲ್ಬಿನ ಮುಂದೆ ಹಿಡಿಯುವ ಮೊದಲು, ವರದಿ ಓದುವ ಮೊದಲು, ಪಿಜಿ ಕೇಸ್ ಶೀಟಿನಲ್ಲಿ ಮೂರು ಸಾಲು ಬರೆಯಬೇಕು: ಜಾಗ ಯಾವುದು, ಶುರುವಾಗಿ ಬೆಳೆದ ವೇಗ ಎಂಥದ್ದು, ಆ ಎರಡನ್ನೂ ಸೇರಿಸಿದರೆ ಯಾವ ಮೂರು ಕಾರಣಗಳು. ಸೆಕೆಂಡು–ನಿಮಿಷಗಳಲ್ಲಿ ಬಂದದ್ದು ರಕ್ತನಾಳದ್ದು ಅಥವಾ ಫಿಟ್ಸ್. ಗಂಟೆ–ದಿನಗಳಲ್ಲಿ ಏರಿದ್ದು ಉರಿಯೂತ, ಸೋಂಕು. ವಾರಗಳಲ್ಲಿ ಟಿಬಿ, ಗಡ್ಡೆ, ಮೆದುಳಿನ ಹೊದಿಕೆಯಡಿ ರಕ್ತ ಸೇರುವ ಸಬ್‌ಡ್ಯೂರಲ್. ವರ್ಷಗಳಲ್ಲಿ ಸವೆತದ ಕಾಯಿಲೆಗಳು.

ಈ ನಿಯಮ ಏಕೆ ಎನ್ನುವುದಕ್ಕೆ ಎಲ್ಲ ಮೆಡಿಕಲ್ ಕಾಲೇಜಿನಲ್ಲೂ ನಡೆಯುವ ಒಂದು ತಪ್ಪು ಸಾಕು. ಮೂರು ದಿನದಿಂದ ಎರಡೂ ಕಾಲಿನಲ್ಲಿ ಬಲವಿಲ್ಲ, ಮೂತ್ರ ಕಟ್ಟಿದೆ. ಕಾಲಿನ ತೊಂದರೆ ಎಂದು ಸೊಂಟದ ಎಂಆರ್‌ಐಗೆ ಬರೆಯುತ್ತಾರೆ. ವರದಿ ನಾರ್ಮಲ್, ಅಥವಾ ವಯಸ್ಸಿಗೆ ತಕ್ಕ ಡಿಸ್ಕ್ ಉಬ್ಬು. ಒಂದು ದಿನ ಹೋಯಿತು. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಮೂಳೆ ಎಲ್-1ರ ಆಸುಪಾಸಿನಲ್ಲೇ ಮುಗಿಯುತ್ತದೆ. ಪ್ಲಾಂಟರ್ ಮೇಲೆದ್ದಿದ್ದರೆ (ಅಂಗಾಲು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಎದ್ದರೆ), ಮೊಣಕಾಲಿನ ರಿಫ್ಲೆಕ್ಸ್ ಜೋರಾಗಿದ್ದರೆ ಸೊಂಟದ ಕೆಳಭಾಗದಲ್ಲಿ ಹುಡುಕುವುದೇ ವ್ಯರ್ಥ. ಹೊಕ್ಕುಳಿನ ಮಟ್ಟದಿಂದ ಕೆಳಗೆ ಪಿನ್ ತಿಳಿಯುವುದಿಲ್ಲವೆಂದರೆ ಟಿ-10, ಅಂದರೆ ಎದೆಭಾಗದ ಹತ್ತನೇ ಮಟ್ಟ. ಆದರೆ ಬೆನ್ನುಹುರಿಯ ಮೇಲಿನ ಒತ್ತಡ ಅದಕ್ಕಿಂತ ಎಷ್ಟೋ ಮೇಲಿರಬಹುದು, ಆದ್ದರಿಂದ ಎದೆಯ ಭಾಗವಷ್ಟೇ ಅಲ್ಲ, ಕುತ್ತಿಗೆಯನ್ನೂ ಸೇರಿಸಿ ಪೂರ್ತಿ ಬೆನ್ನು ನೋಡಬೇಕು. ಬೆನ್ನುಹುರಿಗೆ ಹಾನಿಯಾದ ಮೊದಲ ದಿನಗಳ ಸ್ಪೈನಲ್ ಶಾಕ್‌ನಲ್ಲಿ ರಿಫ್ಲೆಕ್ಸೇ ಇರುವುದಿಲ್ಲ. ಆಗ ಇದನ್ನು, ನರಗಳಿಗೆ ಉರಿಯೂತ ಬಂದು ಕೈಕಾಲು ಸೋಲುವ ಗಿಯಾನ್–ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್‌ನಿಂದ ಬೇರೆ ಮಾಡುವುದು ಸೆನ್ಸರಿ ಲೆವೆಲ್ (ಅದರ ಕೆಳಗೆ ಸ್ಪರ್ಶ ತಿಳಿಯದ ಗೆರೆ) ಮತ್ತು ಶುರುವಿನಲ್ಲೇ ಕಟ್ಟಿದ ಮೂತ್ರ. ಪಿನ್ನನ್ನು ತಿಳಿಯದ ಕಡೆಯಿಂದ ತಿಳಿಯುವ ಕಡೆಗೆ, ಕಾಲಿನಿಂದ ಮೇಲಕ್ಕೆ, ಬೆನ್ನಿನ ಮೇಲೂ ಎಳೆಸಿ; ಗೆರೆ ಸಿಕ್ಕಲ್ಲಿ ಪೆನ್ನಿನಿಂದ ಗುರುತು ಹಾಕಿಸಿ. ಮರುದಿನ ಗೆರೆ ಮೇಲೇರಿದೆಯೇ ಎಂದು ನೋಡಲು ಆ ಗುರುತು ಬೇಕು.

ಬರೆದ ಮೂರು ಸಾಲು ತಪ್ಪಾದರೆ ಬೈಯಬೇಡಿ. ಎಲ್ಲರ ಮುಂದೆ ಬೈಸಿಕೊಂಡವರು ಮುಂದಿನ ಸಲ ಗುಟ್ಟಾಗಿ ವರದಿ ಓದಿಯೇ ಬರೆಯುತ್ತಾರೆ.

ತುರ್ತು ಸ್ಥಿತಿಗಳನ್ನು ಲೆಕ್ಕ ಹಾಕಿಸಿ ಕಲಿಸುವುದು

ವಾರಕ್ಕೊಂದು ವಿಷಯ ಸಾಕು. ಬಾಯಿಪಾಠ ಕೇಳಬೇಡಿ, ಔಷಧದ ಟ್ರಾಲಿ ಮುಂದೆ ನಿಲ್ಲಿಸಿ, 60 ಕೆಜಿ ತೂಕದ ರೋಗಿ ಎಂದು ಹೇಳಿ, ಆಂಪ್ಯೂಲ್ ಎಣಿಸಿಡಲು ಹೇಳಿ.

ಸ್ಟೇಟಸ್ ಎಪಿಲೆಪ್ಟಿಕಸ್: ಐದು ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲುತ್ತದೆಂದು ಕಾಯಬಾರದು. ಗ್ಲೂಕೋಸ್ ನೋಡಿ, ಲೊರಾಜೆಪಾಮ್ ಕೆಜಿಗೆ 0.1 ಮಿ.ಗ್ರಾಂ., ಒಂದು ಸಲಕ್ಕೆ ಗರಿಷ್ಠ 4 ಮಿ.ಗ್ರಾಂ.; ನಿಲ್ಲದಿದ್ದರೆ ಇನ್ನೊಂದು ಸಲ. ಐವಿ ಸಿಗದಿದ್ದರೆ ಹುಡುಕುತ್ತಾ ಕೂರದೆ, 40 ಕೆಜಿ ಮೇಲಿನವರಿಗೆ ಮಿಡಜೋಲಮ್ 10 ಮಿ.ಗ್ರಾಂ. ತೊಡೆಯ ಸ್ನಾಯುವಿಗೆ. ಉಸಿರಾಟದ ಭಯದಿಂದ 1–2 ಮಿ.ಗ್ರಾಂ. ಕೊಟ್ಟು ಕಾಯುವುದು ಇಲ್ಲಿನ ಮಾಮೂಲಿ ತಪ್ಪು. ನಿಲ್ಲದ ಫಿಟ್ಸ್ ಉಸಿರಾಟವನ್ನು ಅದಕ್ಕಿಂತ ಹೆಚ್ಚು ಕೆಡಿಸುತ್ತದೆ. ಎರಡನೇ ಔಷಧ ಫೆನಿಟಾಯಿನ್ ಆದರೆ ಕೆಜಿಗೆ 20 ಮಿ.ಗ್ರಾಂ., ಅಂದರೆ 1200. ನೂರು ಮಿ.ಗ್ರಾಂ.ನ ಆಂಪ್ಯೂಲ್ ಹನ್ನೆರಡು. ಟ್ರೇಯಲ್ಲಿ ಹನ್ನೆರಡನ್ನು ಜೋಡಿಸಿ ನೋಡಿದ ಪಿಜಿ, ‘ಲೋಡಿಂಗ್’ ಎಂದು ಎರಡು ಆಂಪ್ಯೂಲ್ ಬರೆಯುವುದಿಲ್ಲ. ನಿಮಿಷಕ್ಕೆ 50 ಮಿ.ಗ್ರಾಂ. ಮೀರಬಾರದಾದ್ದರಿಂದ ಕನಿಷ್ಠ 24 ನಿಮಿಷ ಬೇಕು; ಇಸಿಜಿ ಮಾನಿಟರ್ ಇರಲಿ, ಬಿಪಿ ಇಳಿದರೆ ವೇಗ ತಗ್ಗಿಸಿ. ನಾರ್ಮಲ್ ಸಲೈನ್‌ನಲ್ಲೇ ಬೆರೆಸಬೇಕು, ಡೆಕ್ಸ್‌ಟ್ರೋಸ್‌ನಲ್ಲಿ ಔಷಧ ಹರಳುಗಟ್ಟುತ್ತದೆ. ಹೃದಯದ ತೊಂದರೆ ಇದ್ದವರಿಗೆ ಲೆವೆಟಿರಸಿಟಮ್ ಕೆಜಿಗೆ 60 ಮಿ.ಗ್ರಾಂ., ಗರಿಷ್ಠ 4500. ಕೈಕಾಲು ನಿಂತು ಅರ್ಧ ಗಂಟೆಯಾದರೂ ಎಚ್ಚರ ಬರದಿದ್ದರೆ ಒಳಗೆ ಫಿಟ್ಸ್ ನಡೆಯುತ್ತಲೇ ಇರಬಹುದು, ಇಇಜಿ ಬೇಕು.

ಸ್ಟ್ರೋಕ್: ಮೊದಲ ಪ್ರಶ್ನೆ ‘ಯಾವಾಗ ಶುರುವಾಯಿತು’ ಅಲ್ಲ, ‘ಕೊನೆಯ ಸಲ ಸರಿಯಾಗಿದ್ದದ್ದನ್ನು ಯಾರು, ಎಷ್ಟು ಗಂಟೆಗೆ ನೋಡಿದರು’. ಬೆಳಗ್ಗೆ ಎದ್ದಾಗ ಲಕ್ವ ಕಂಡರೆ ಗಡಿಯಾರ ಓಡಲು ಶುರುವಾದದ್ದು ರಾತ್ರಿ ಮಲಗಿದಾಗ. ನಾಲ್ಕೂವರೆ ಗಂಟೆಯೊಳಗಿದ್ದು, ಸಿಟಿಯಲ್ಲಿ ರಕ್ತಸ್ರಾವ ಇಲ್ಲದೆ, ಬೇರೆ ಅಡ್ಡಿ ಇಲ್ಲದಿದ್ದರೆ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಕೆಜಿಗೆ 0.9 ಮಿ.ಗ್ರಾಂ.: 60 ಕೆಜಿಗೆ 54, ಅದರಲ್ಲಿ 5.4 ಒಂದು ನಿಮಿಷದಲ್ಲಿ, ಉಳಿದ 48.6 ಒಂದು ಗಂಟೆಯಲ್ಲಿ. ತೂಕ ಎಷ್ಟೇ ಇರಲಿ 90 ದಾಟುವಂತಿಲ್ಲ. ಕೊಡುವ ಮುನ್ನ ಬಿಪಿ 185/110ಕ್ಕಿಂತ ಕೆಳಗಿರಬೇಕು, ಕೊಟ್ಟ ಮೇಲೆ 24 ಗಂಟೆ 180/105ರೊಳಗೆ. ಥ್ರಾಂಬೊಲೈಸ್ ಮಾಡದ (ಹೆಪ್ಪು ಕರಗಿಸದ), ರಕ್ತನಾಳ ಕಟ್ಟಿ ಬಂದ ಇಸ್ಕೀಮಿಕ್ ಸ್ಟ್ರೋಕ್‌ನಲ್ಲಿ, ಬೇರೆ ತುರ್ತು ಕಾರಣ ಇಲ್ಲದಿದ್ದರೆ, 220/120ರವರೆಗೆ ಬಿಪಿ ಮುಟ್ಟುವುದೇ ಬೇಡ. ನಾಲಿಗೆಯಡಿ ನಿಫೆಡಿಪಿನ್ ಇಟ್ಟು ದಿಢೀರನೆ ಇಳಿಸುವ ಹಳೆಯ ಚಾಳಿ ಇನ್ನೂ ಅಲ್ಲಲ್ಲಿ ಉಳಿದಿದೆ, ಅದನ್ನು ಬಿಡಿಸಿ. ನುಂಗುವ ಪರೀಕ್ಷೆ ಮಾಡುವ ತನಕ ನೀರು, ಮಾತ್ರೆ ಏನೂ ಬಾಯಿಗೆ ಹಾಕಬಾರದು ಎಂದು ಮನೆಯವರಿಗೂ ಹೇಳಲಿ.

ಏರುತ್ತಿರುವ ನಿಶ್ಶಕ್ತಿ: ಪಿಜಿಗಳು ನಂಬುವುದು ಆಕ್ಸಿಮೀಟರನ್ನು. ಜಿಬಿಎಸ್‌ನಲ್ಲಿ ಅದು ಕೊನೆಗೆ ಬೀಳುತ್ತದೆ. ಅದರ ಬದಲು ನಾಲ್ಕು ಗಂಟೆಗೊಮ್ಮೆ ಎರಡು ಕೆಲಸ ಮಾಡಿಸಿ: ದಿಂಬಿನಿಂದ ತಲೆ ಎತ್ತಿಸುವುದು, ದೀರ್ಘ ಉಸಿರೆಳೆದು ಒಂದೇ ಉಸಿರಿಗೆ ‘ಒಂದು, ಎರಡು’ ಎಂದು ಎಣಿಸಲು ಹೇಳುವುದು. ಎಣಿಕೆ 20ರ ಕೆಳಗೆ ಬಂದರೆ, ಅಥವಾ ಪ್ರತಿ ಸಲ ಇಳಿಯುತ್ತಾ ಹೋದರೆ, ಐಸಿಯುಗೆ ಹೇಳಬೇಕು. ಸ್ಪೈರೋಮೀಟರ್ ಇದ್ದರೆ, ಒಂದೇ ಉಸಿರಿಗೆ ಪೂರ್ತಿ ಹೊರಹಾಕುವ ಗಾಳಿ ಕೆಜಿಗೆ 20 ಮಿ.ಲೀ. ಎಂಬುದು ಗಡಿ. ಐವಿಐಜಿ (ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್) ದಿನಕ್ಕೆ ಕೆಜಿಗೆ 0.4 ಗ್ರಾಂ., ಐದು ದಿನ. ಶುರು ಮಾಡುವ ಮುನ್ನ ಪೊಟ್ಯಾಸಿಯಂ ನೋಡಿದ್ದಾರೆಯೇ ಎಂದು ಕೇಳಿ. ಮೊದಲ ವಾರದಲ್ಲಿ ಬೆನ್ನುನೀರಿನ ಪ್ರೋಟೀನ್ ಸರಿಯಾಗಿಯೇ ಇರಬಹುದು, ಅದನ್ನು ನೋಡಿ ಜಿಬಿಎಸ್ ಅಲ್ಲ ಎನ್ನಬಾರದು.

ನಮ್ಮ ಹಳ್ಳಿಗಳ ಮಟ್ಟಿಗೆ ಇನ್ನೆರಡು. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಆಮೇಲೆ ರೆಪ್ಪೆ ಜೋತುಬಿದ್ದು, ನುಂಗಲಾಗದೆ ಬಂದರೆ ಕಚ್ಚಿದ ಗುರುತು ಇಲ್ಲದಿದ್ದರೂ ಕಟ್ಟುಹಾವು ಎಂದೇ ಹಿಡಿಯಬೇಕು. ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) 10 ವಯಲ್‌ನಿಂದ ಶುರು, ವೆಂಟಿಲೇಟರ್ ಸಿದ್ಧ. ಇವರಲ್ಲಿ ಪಾಪೆಯೂ ಅಲುಗದೆ, ಕೈಕಾಲೂ ಆಡದೆ ಮೆದುಳು ಸತ್ತಂತೆ ಕಾಣುತ್ತದೆ, ಆದರೆ ಒಳಗೆ ಎಚ್ಚರವಿರಬಹುದು, ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹಾಸಿಗೆ ಪಕ್ಕದ ಮಾತಿನಲ್ಲಿ ಎಚ್ಚರವಿರಲಿ. ಎರಡನೆಯದು ಕೀಟನಾಶಕ ಕುಡಿದವರು: ಆಟ್ರೊಪಿನ್‌ಗೆ ಸುಧಾರಿಸಿದರೆಂದು ವಾರ್ಡಿಗೆ ಕಳಿಸಿದ ಮೇಲೆ, 24ರಿಂದ 96 ಗಂಟೆಯೊಳಗೆ ಕೆಲವರಿಗೆ ಕತ್ತು ಎತ್ತಲಾಗದೆ ಉಸಿರು ಸೋಲುತ್ತದೆ. ಇಲ್ಲೂ ಅದೇ ದಿಂಬಿನ ಪರೀಕ್ಷೆ.

ಎಲ್‌ಪಿ

ಸೊಂಟದಲ್ಲಿ ಸೂಜಿ ಹಾಕಿ ಬೆನ್ನುನೀರು ತೆಗೆಯುವ ಇದನ್ನು ಪಿಜಿ ಒಂದು ಸಲ ನೋಡಿ, ಒಂದು ಸಲ ಬೊಂಬೆಯ ಮೇಲೆ ಮಾಡಿ, ಆಮೇಲೆ ನಿಮ್ಮ ಮುಂದೆ ರೋಗಿಗೆ. ಎಚ್ಚರ ಕಡಿಮೆ, ಒಂದು ಪಕ್ಕದ ದೌರ್ಬಲ್ಯ, ಹೊಸ ಫಿಟ್ಸ್, ಪ್ಯಾಪಿಲಿಡೀಮಾ (ಕಣ್ಣಿನ ಹಿಂಭಾಗದ ನರದ ಬುಡ, ಅಂದರೆ ಡಿಸ್ಕ್, ಊದಿರುವುದು), ರೋಗನಿರೋಧಕ ಶಕ್ತಿ ಕುಂದಿರುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲು ಸಿಟಿ; ಆದರೆ ಸಿಟಿ ಸರದಿಗೆ ಕಾಯುತ್ತಾ ಆಂಟಿಬಯಾಟಿಕ್ ತಡಮಾಡಬಾರದು, ಬ್ಲಡ್ ಕಲ್ಚರ್ ತೆಗೆದು ಕೊಟ್ಟುಬಿಡಬೇಕು.

ಸೂಜಿ ತಪ್ಪುವುದು ಕೈಯಿಂದಲ್ಲ, ಮಲಗಿಸಿದ ಭಂಗಿಯಿಂದ. ಎರಡೂ ಭುಜ ಒಂದರ ಮೇಲೊಂದು, ಎರಡೂ ಸೊಂಟದ ಮೂಳೆ ಒಂದರ ಮೇಲೊಂದು ನೇರವಾಗಿ ನಿಲ್ಲಬೇಕು. ಮೇಲಿನ ಭುಜ ಮುಂದಕ್ಕೆ ವಾಲಿದರೆ ಬೆನ್ನು ತಿರುಚಿ ಸೂಜಿ ಮೂಳೆಗೆ ಹೊಡೆಯುತ್ತದೆ. ಐದು ನಿಮಿಷ ಇದಕ್ಕೇ ಹೋಗಲಿ. ಎಲ್ 3–4 ಅಥವಾ 4–5, 22 ಗೇಜ್. ರಾಶಿಗಟ್ಟಲೆ ಪರೀಕ್ಷೆ ಬರೆದು ಎರಡು ಮಿ.ಲೀ. ನೀರು ಕಳಿಸಿದರೆ ಟಿಬಿ ಸಿಗುವುದಿಲ್ಲ. ಟಿಬಿ ಅನುಮಾನವಿದ್ದರೆ ಆ ಪರೀಕ್ಷೆಗಳಿಗೇ 6 ಮಿ.ಲೀ. ಆದರೂ ಬೇಕು. ಒಳ ಒತ್ತಡ ಅಳೆಯದೆ ನೀರು ಹಿಡಿಯಬಾರದು. ಅದೇ ಹೊತ್ತಿಗೆ ರಕ್ತದ ಗ್ಲೂಕೋಸ್ ತೆಗೆಯದಿದ್ದರೆ ಬೆನ್ನುನೀರಿನ ಗ್ಲೂಕೋಸ್‌ಗೆ ಅರ್ಥವಿಲ್ಲ. ಜೀವಕೋಶಗಳು ಒಡೆಯುವ ಮುನ್ನ, ಗಂಟೆಯೊಳಗೆ, ಟ್ಯೂಬ್ ಲ್ಯಾಬ್ ಮುಟ್ಟಲಿ. ಪಿಜಿಯೇ ಕೊಂಡೊಯ್ದು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಬಂದರೆ ಇನ್ನೂ ಒಳ್ಳೆಯದು. ಮಲೆನಾಡಿನಿಂದ ಬಂದ ಜ್ವರವಾದರೆ ಕಾಡಿಗೆ ಹೋಗಿದ್ದರೇ ಎಂದು ಕೇಳಿರಬೇಕು: 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಜ್ವರ ಬಿಟ್ಟು, ಕೆಲವರಿಗೆ ಎರಡನೇ ಸಲ ತಲೆನೋವು, ಕತ್ತು ಬಿಗಿತದೊಂದಿಗೆ ಮರಳುತ್ತದೆ. ಎರಡು ಪ್ರಯತ್ನ ಸೋತರೆ ಸೂಜಿ ಸೀನಿಯರ್ ಕೈಗೆ.

ಎಲ್ಲಿ ಕೆಡುತ್ತದೆ

ಪಿಜಿ ಗುಮಾಸ್ತನಾದಾಗ. ಎಂಆರ್‌ಐ ಸ್ಲಾಟ್ ಹಿಡಿಯುವುದು, ಡಿಸ್ಚಾರ್ಜ್ ಸಮ್ಮರಿ ಬರೆಯುವುದು, ಆರೋಗ್ಯ ಯೋಜನೆಯ ಅಪ್ರೂವಲ್‌ಗೆ ಓಡಾಡುವುದು, ಇದರಲ್ಲೇ ತಿಂಗಳು ಕಳೆದಿರುತ್ತದೆ. ಡಿಎಂ (ನ್ಯೂರಾಲಜಿಯಲ್ಲೇ ಮುಂದಿನ ಪದವಿಯ) ವಿದ್ಯಾರ್ಥಿಗಳು ಇರುವ ಕಡೆ ಒಳ್ಳೆಯ ಕೇಸೆಲ್ಲ ಅವರ ಪಾಲು. ಆದ್ದರಿಂದ ಮೊದಲ ದಿನವೇ ನಾಲ್ಕು ಹಾಸಿಗೆ ಮೆಡಿಸಿನ್ ಪಿಜಿಯ ಹೆಸರಿಗೆ ಬಿಟ್ಟುಕೊಡಿ, ಓಪಿಡಿಯಲ್ಲಿ ದಿನಕ್ಕೆ ಮೂರು ಹೊಸ ರೋಗಿಗಳನ್ನು ಮೊದಲು ಅವರೇ ನೋಡಲಿ, ಬೇರೆ ವಾರ್ಡಿನ ಕರೆಗಳಿಗೆ ಅವರನ್ನು ಮೊದಲು ಕಳಿಸಿ. ಪ್ರಜ್ಞೆ ತಪ್ಪಿದವರು, ಸೋಡಿಯಂ ಬಿದ್ದವರು, ಆಪರೇಷನ್ ನಂತರ ಗೊಂದಲಗೊಂಡವರು ಸಿಗುವುದು ಅಲ್ಲೇ, ಮೆಡಿಸಿನ್‌ನವರು ಜೀವಮಾನವಿಡೀ ನೋಡುವುದೂ ಅವರನ್ನೇ.

ವಾರಕ್ಕೊಮ್ಮೆ ಮತ್ತೆ ಹದಿನೈದು ನಿಮಿಷ ಪಕ್ಕದಲ್ಲಿ ನಿಂತು ನೋಡಿ, ಒಂದೇ ಒಂದು ವಿಷಯ ತಿದ್ದಿ, ಲಾಗ್‌ಬುಕ್‌ನಲ್ಲಿ ಅದನ್ನೇ ಬರೆಯಿರಿ. ‘ಗುಡ್’ ಎಂದು ಸಹಿ ಹಾಕಿದರೆ ಪ್ರಯೋಜನವಿಲ್ಲ. ಕೊನೆಯ ವಾರ ಹೊಸ ರೋಗಿಯೊಬ್ಬರನ್ನು ಕೊಟ್ಟು ಸೆನ್ಸರಿ ಲೆವೆಲ್, ಎರಡೂ ಕಣ್ಣಿನ ಡಿಸ್ಕ್, ನಡಿಗೆ ಈ ಮೂರನ್ನು ಹೇಳಿಸಿ. ಯಾವುದು ಬರಲಿಲ್ಲವೋ ಅದಕ್ಕಾಗಿ, ಮೆಡಿಸಿನ್ ವಾರ್ಡಿಗೆ ಮರಳಿದ ಮೇಲೂ ವಾರದಲ್ಲಿ ಒಂದು ಮಧ್ಯಾಹ್ನ ಬರಲು ಅವರ ಯೂನಿಟ್ ಮುಖ್ಯಸ್ಥರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ.