ಮೋನಿಕಾ ಆಬಟ್ ಅವರ ಎಸೆತಗಳನ್ನು ನಾನು ಲೆಕ್ಕವಿಟ್ಟ ಬಗೆ

ಬೆಂಗಳೂರಿನ ಲೀಗ್ ಕ್ರಿಕೆಟ್ಟಿನಲ್ಲಿ ಸ್ಕೋರರ್ ಆಗಿದ್ದ ನಾನು ಉನ್ನತ ವ್ಯಾಸಂಗಕ್ಕೆಂದು ಅಮೆರಿಕದ ನಾಕ್ಸ್‌ವಿಲ್ ಸೇರಿದ ಮೇಲೆ, ಬಿಡುವಿನ ಸಂಜೆಗಳಲ್ಲಿ ಬೇಸ್‌ಬಾಲಿನ ಹತ್ತಿರದ ಆಟವಾದ ಸಾಫ್ಟ್‌ಬಾಲ್ ಪಂದ್ಯಗಳ ಸ್ಕೋರ್ ಬರೆಯುವುದನ್ನು ಕಲಿತೆ. ಆಗ ಟೆನೆಸಿ ವಿಶ್ವವಿದ್ಯಾಲಯದ ತಂಡವು ಟೈಸನ್ ಪಾರ್ಕಿನಲ್ಲಿ ಆಡುತ್ತಿತ್ತು. ಈಗಿನ ಕ್ರೀಡಾಂಗಣ ತೆರೆದದ್ದು 2008ರಲ್ಲಿ. ಅದಕ್ಕೂ ಮೊದಲಿನ ನಾಲ್ಕು ವರ್ಷ, ಅಂದರೆ 2004ರಿಂದ 2007ರವರೆಗೆ, ಆ ತಂಡದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಆಗಿದ್ದವರು ಕ್ಯಾಲಿಫೋರ್ನಿಯಾದ ಸಲಿನಾಸ್‌ನಿಂದ ಬಂದ, ಆರಡಿ ಮೂರಂಗುಲ ಎತ್ತರದ ಎಡಗೈ ಆಟಗಾರ್ತಿ ಮೋನಿಕಾ ಆಬಟ್. ಒಬ್ಬ ಪಿಚರ್‌ಳ ವೃತ್ತಿಜೀವನವನ್ನು ಹೇಗೆ ಓದಬೇಕೆಂಬುದನ್ನು ನಾನು ಅವರ ಆಟದ ಹಾಳೆಗಳಿಂದಲೇ ತಿಳಿದುಕೊಂಡೆ.

ಕ್ರಿಕೆಟ್ ಬಲ್ಲವರಿಗೆ ಮೊದಲು ಹೇಳಬೇಕಾದದ್ದು ಅಳತೆಗಳ ವಿಚಾರ. ಕಾಲೇಜು ಸಾಫ್ಟ್‌ಬಾಲಿನಲ್ಲಿ ಪಿಚರ್‌ಗೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೂ ನಡುವಿನ ಅಂತರ 43 ಅಡಿ ಮಾತ್ರ. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಬಳಿ ಮಣಿಕಟ್ಟನ್ನು ಚಿಮ್ಮಿಸಿ ಕೆಳಗೈಯಿಂದ ಬಿಡುವ ಚೆಂಡು ಗಂಟೆಗೆ 70 ಮೈಲಿ ವೇಗದಲ್ಲಿ ಬಂದರೆ ಬ್ಯಾಟರ್‌ಗೆ ಸಿಗುವ ಕಾಲ ಅರ್ಧ ಸೆಕೆಂಡಿಗಿಂತ ಕಡಿಮೆ. ಪಂದ್ಯ ಏಳು ಇನ್ನಿಂಗ್ಸ್‌ಗಳದು. ಪೂರ್ತಿ ಆಡಿದರೆ ಪ್ರತಿ ತಂಡ ಇನ್ನಿಂಗ್ಸಿಗೆ ಮೂರರಂತೆ ಎದುರಾಳಿಯ 21 ಔಟ್ ಪಡೆಯಬೇಕು.

ಸ್ಕೋರ್ ಪುಸ್ತಕದಲ್ಲಿ ಪ್ರತಿ ಬ್ಯಾಟರ್‌ಗೆ ಇನ್ನಿಂಗ್ಸಿಗೊಂದು ಚೌಕವಿರುತ್ತದೆ. ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದೇ ಸ್ಟ್ರೈಕ್‌ಔಟ್. ಬ್ಯಾಟ್ ಬೀಸಿ ಹಾಗೆ ಔಟಾದರೆ ‘ಕೆ’ ಅಕ್ಷರವನ್ನೂ, ಬೀಸದೆ ನೋಡುತ್ತ ನಿಂತು ಔಟಾದರೆ ಅದೇ ಅಕ್ಷರವನ್ನು ಹಿಮ್ಮುಖವಾಗಿ ತಿರುಗಿಸಿಯೂ ಬರೆಯುತ್ತಾರೆ. ಫೀಲ್ಡರ್‌ಗಳನ್ನು ಅಂಕಿಯಿಂದ ಗುರುತಿಸಲಾಗುತ್ತದೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಹಾಗಾಗಿ 6-3 ಎಂದರೆ ನೆಲಕ್ಕುರುಳಿದ ಚೆಂಡನ್ನು ಶಾರ್ಟ್‌ಸ್ಟಾಪ್ ಹಿಡಿದು ಮೊದಲ ಬೇಸಿಗೆ ಎಸೆದು ಔಟ್ ಮಾಡಿದ್ದಾರೆ ಎಂದು ತಿಳಿಯಬೇಕು. ಇಷ್ಟು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ನಾನು ಇದಕ್ಕೆ ಎರಡು ಗುರುತು ಸೇರಿಸಿದೆ. ಗ್ಯಾಲರಿಯಲ್ಲಿ ಕುಳಿತವರಿಗೆ ಪಿಚರ್ ಚೆಂಡನ್ನು ಹಿಡಿದಿರುವ ರೀತಿ ಕಾಣದು, ಆದರೆ ಔಟಾದ ಬಗೆ ಬಹಳಷ್ಟನ್ನು ಹೇಳಿಬಿಡುತ್ತದೆ. ಹಿಮ್ಮುಖವಾಗಿ ಸುತ್ತುವ ‘ರೈಸ್‌ಬಾಲ್’ ನಿಜವಾಗಿ ಮೇಲೇರುವುದಿಲ್ಲ, ಬ್ಯಾಟರ್ ನಿರೀಕ್ಷಿಸಿದಷ್ಟು ಕೆಳಗಿಳಿಯುವುದಿಲ್ಲ ಅಷ್ಟೆ; ಬ್ಯಾಟ್ ಅದರ ಅಡಿಯಲ್ಲಿ ಹಾದುಹೋಗುತ್ತದೆ, ತಗುಲಿದರೂ ಚೆಂಡು ನೆಟ್ಟಗೆ ಮೇಲೆ ಹಾರುತ್ತದೆ. ‘ಡ್ರಾಪ್‌ಬಾಲ್’ ಆದರೆ ಬ್ಯಾಟಿನ ಕೆಳಗಂಚಿಗೆ ಸಿಕ್ಕಿ ನೆಲದ ಮೇಲೆ ಉರುಳುತ್ತದೆ. ಹೀಗಾಗಿ ಪ್ರತಿ ಚೌಕದ ಮೂಲೆಯಲ್ಲಿ ಮೇಲ್ಮುಖ ಅಥವಾ ಕೆಳಮುಖ ಬಾಣವನ್ನು ಹಾಕತೊಡಗಿದೆ. ಪಂದ್ಯ ಮುಗಿದ ಮೇಲೆ ಬಾಣಗಳನ್ನು ಓದಿದರೆ ಆ ದಿನ ಯಾವ ಎಸೆತದ ಆಸರೆಯಲ್ಲಿ ಪಂದ್ಯ ನಡೆದಿತ್ತೆಂಬ ಸ್ಥೂಲ ಚಿತ್ರ ಸಿಗುತ್ತಿತ್ತು.

ಎರಡನೆಯ ಗುರುತು ಹೆಚ್ಚು ಉಪಯೋಗಕ್ಕೆ ಬಂದಿತು: ಈ ಬ್ಯಾಟರ್ ಈ ಪಿಚರ್‌ಳನ್ನು ಎಷ್ಟನೆಯ ಸಲ ಎದುರಿಸುತ್ತಿದ್ದಾಳೆ ಎಂಬ ಸಣ್ಣ ಅಂಕಿ. ಕ್ರಿಕೆಟ್ಟಿನಲ್ಲಿ ಒಬ್ಬ ಬೌಲರ್ ಸತತ ಎರಡು ಓವರ್ ಹಾಕುವಂತಿಲ್ಲ. ಮೇಡನ್ ಓವರಿನ ಆರು ಚುಕ್ಕೆಗಳನ್ನು ಗೆರೆ ಎಳೆದು ಜೋಡಿಸಿದ ಬೆನ್ನಿಗೇ ಸ್ಕೋರರ್ ಇನ್ನೊಬ್ಬ ಬೌಲರ್‌ನ ಸಾಲಿಗೆ ಹೋಗಬೇಕು. ಕಾಲೇಜು ಸಾಫ್ಟ್‌ಬಾಲಿನಲ್ಲಿ ಅಂಥ ಮಿತಿ ಇಲ್ಲ. ತರಬೇತುದಾರರು ಮನಸ್ಸು ಮಾಡಿದರೆ ಒಬ್ಬಳೇ ಇಡೀ ಪಂದ್ಯವನ್ನೂ, ಮರುದಿನದ ಪಂದ್ಯವನ್ನೂ ಎಸೆಯಬಹುದು.

ಆಬಟ್ ಅವರ ಅಂಕಿಅಂಶಗಳನ್ನು ಈ ಹಿನ್ನೆಲೆಯಲ್ಲೇ ನೋಡಬೇಕೆಂಬುದು ನನ್ನ ಅಭಿಪ್ರಾಯ. ಮೊದಲ ವರ್ಷ 45 ಗೆಲುವು, 10 ಸೋಲು, 582 ಸ್ಟ್ರೈಕ್‌ಔಟ್; ಕೊನೆಯ ವರ್ಷ 50 ಗೆಲುವು, 5 ಸೋಲು, 724 ಸ್ಟ್ರೈಕ್‌ಔಟ್. ನಾಲ್ಕು ವರ್ಷಗಳ ಒಟ್ಟು ಮೊತ್ತ 189 ಗೆಲುವು ಮತ್ತು 2,440 ಸ್ಟ್ರೈಕ್‌ಔಟ್. ಏಳು ಇನ್ನಿಂಗ್ಸಿಗೆ ಸರಾಸರಿ ಹನ್ನೊಂದಕ್ಕೂ ಹೆಚ್ಚು ಸ್ಟ್ರೈಕ್‌ಔಟ್ ಎಂದರೆ, ಅವರು ಎಸೆಯುವಾಗ ಬಿದ್ದ ಔಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕ್ಯಾಚರ್ ಹೊರತು ಬೇರೆ ಫೀಲ್ಡರ್‌ಗಳ ನೆರವೇ ಬೇಕಾಗಿರಲಿಲ್ಲ. ಜನರು ಮೆಚ್ಚುವುದು 189 ಗೆಲುವನ್ನು. ನಾನು ಮೊದಲು ಬೆರಳಿಡುವುದು ಒಂದೇ ವರ್ಷದ 55 ಪಂದ್ಯಗಳ ಸೋಲುಗೆಲುವು ಒಬ್ಬರ ಹೆಸರಿನಲ್ಲೇ ಬರೆದಿದೆ ಎಂಬುದರ ಮೇಲೆ. ಕೆಳಗೈ ಎಸೆತದಿಂದ ತೋಳಿಗೆ ಶ್ರಮವಿಲ್ಲ ಎಂಬ ಹಳೆಯ ನಂಬಿಕೆ ಇದಕ್ಕೆ ಅವಕಾಶ ಕೊಟ್ಟಿತ್ತು. ಭುಜದ ಮೇಲೆ ಬೀಳುವ ಒತ್ತಡ ಮೇಲ್ಗೈ ಎಸೆತದಲ್ಲಿರುವಷ್ಟೇ ಇರಬಲ್ಲದು ಎಂದು ಈಗ ತಿಳಿದಿದೆ.

ಅಮೆರಿಕದ ಕಾಲೇಜು ಚಾಂಪಿಯನ್ನರನ್ನು ನಿರ್ಧರಿಸುವ ಮಹಿಳಾ ಕಾಲೇಜು ವಿಶ್ವ ಸರಣಿಯ 2007ರ ಫೈನಲ್ಲನ್ನು, ಅದರ ಮೂರೂ ಪಂದ್ಯಗಳನ್ನು, ಟಿವಿ ನೋಡುತ್ತ ಬರೆದುಕೊಂಡೆ. ಒಕ್ಲಹೋಮ ಸಿಟಿಯಲ್ಲಿ ಮೊದಲ ಪಂದ್ಯವನ್ನು ಟೆನೆಸಿ 3-0ರಿಂದ ಗೆದ್ದಿತು. ಎರಡನೆಯದು ಹತ್ತು ಇನ್ನಿಂಗ್ಸ್‌ವರೆಗೆ ಬೆಳೆದು ಅರಿಝೋನಾ 1-0ರಿಂದ ಗೆದ್ದಿತು. ಪುಸ್ತಕದಲ್ಲಿ ಏಳು ಇನ್ನಿಂಗ್ಸ್ ದಾಟಿದ ಮೇಲೆ ಉಳಿಯುವ ಇಕ್ಕಟ್ಟಾದ ಜಾಗದಲ್ಲಿ ನನ್ನ ಅಂಕಿಗಳು ಒಂದರ ಮೇಲೊಂದು ಕುಳಿತಿವೆ. ಮೂರನೆಯದರಲ್ಲಿ ಅರಿಝೋನಾ 5-0. ಎದುರಾಳಿ ಪಿಚರ್ ಟೇರಿನ್ ಮೊವಾಟ್ ಆ ಸರಣಿಯಲ್ಲಿ 60 ಇನ್ನಿಂಗ್ಸ್, 1,035 ಎಸೆತಗಳನ್ನು ಒಬ್ಬರೇ ಎಸೆದಿದ್ದರು. ಆಬಟ್ ಅವರ ಕೈಗೆ ಕಾಲೇಜು ರಾಷ್ಟ್ರೀಯ ಚಾಂಪಿಯನ್ ಪಟ್ಟ ಬರಲೇ ಇಲ್ಲ. ಮುಂದೆ ಬೀಜಿಂಗ್‌ನಲ್ಲೂ ಟೋಕಿಯೋದಲ್ಲೂ ಅಮೆರಿಕ ತಂಡದೊಂದಿಗೆ ಒಲಿಂಪಿಕ್ ಬೆಳ್ಳಿ ಪದಕ ಪಡೆದರು, ಜಪಾನಿನ ಲೀಗಿನಲ್ಲಿ ಟೊಯೊಟಾ ತಂಡಕ್ಕೆ ವರ್ಷಗಟ್ಟಲೆ ಆಡಿದರು.

ಬ್ಯಾಟರ್ ಎಷ್ಟನೆಯ ಸಲ ಎದುರಿಸುತ್ತಿದ್ದಾಳೆ ಎಂಬ ಅಂಕಿಯನ್ನು ನಾನು ಇಂದಿಗೂ ಬಿಟ್ಟಿಲ್ಲ. 2025ರಲ್ಲಿ ಟೆಕ್ಸಸ್ ಟೆಕ್ ತಂಡವು ಇದೇ ವಿಶ್ವ ಸರಣಿಯ ಫೈನಲ್‌ವರೆಗೂ ಪಿಚರ್ ನಿಜಾರೀ ಕೆನಡಿ ಒಬ್ಬರನ್ನೇ ನೆಚ್ಚಿಕೊಂಡಿತ್ತು. ಫೈನಲ್ಲಿನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧದ ಮೊದಲೆರಡು ಪಂದ್ಯಗಳು 1-2, 4-3ರಂತೆ ಒಂದೇ ರನ್ನಿನ ಅಂತರದಲ್ಲಿ ಮುಗಿದವು. ಮೂರನೆಯ ಪಂದ್ಯದ ಮೊದಲ ಇನ್ನಿಂಗ್ಸಿನಲ್ಲೇ ಐದು ರನ್ ಹೋಗಿ ಅವರನ್ನು ಹೊರಗೆ ಕರೆಯಬೇಕಾಯಿತು. ಟೆಕ್ಸಸ್ 10-4ರಿಂದ ಗೆದ್ದಿತು. ಆಯಾಸವೂ ಕಾರಣವಿರಬಹುದು, ಆದರೆ ಅಷ್ಟು ಸಲ ಒಂದೇ ಕೈಯನ್ನು ನೋಡಿದ ಬ್ಯಾಟರ್‌ಗಳ ಪಾತ್ರ ಅದಕ್ಕಿಂತ ದೊಡ್ಡದು ಎಂದು ನಾನು ಎಣಿಸುತ್ತೇನೆ. ಹೊಸದಾಗಿ ಸ್ಕೋರ್ ಬರೆಯಲು ತೊಡಗುವವರು ಈ ಅಂಕಿಯನ್ನು ಪ್ರತಿ ಪಂದ್ಯಕ್ಕೂ ಒಂದರಿಂದ ಶುರು ಮಾಡದೆ, ಇಡೀ ಸರಣಿಗೆ ಒಂದೇ ಎಣಿಕೆಯಾಗಿ ಮುಂದುವರಿಸಬೇಕು.