ಕೂದಲಿಗೆ ಕೆಂಪು ಛಾಯೆ ಬೇಕಾ? ನಿಂಬೆ ಬಿಡಿ, ಮದರಂಗಿ ಹಿಡಿಯಿರಿ

ಕೂದಲಿನ ಕಪ್ಪು ತಿಳಿಯಾಗಲಿ ಅಂತ ನಿಂಬೆರಸ ಹಚ್ಚಿ ಬಿಸಿಲಲ್ಲಿ ಕೂರುವವರು ದಯವಿಟ್ಟು ನಿಲ್ಲಿಸಿ. ರಸ ಹಣೆಗೆ, ಕುತ್ತಿಗೆಗೆ ಇಳಿದು ಬಿಸಿಲು ಬಿದ್ದರೆ ಚರ್ಮ ಸುಟ್ಟು ಗುಳ್ಳೆ ಏಳಬಹುದು. ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಕೂದಲೂ ಒರಟಾಗುತ್ತದೆ. ಕ್ಯಾಮೊಮೈಲ್ ಹೂವಿನ ಕಷಾಯ ಹೊಂಬಣ್ಣದ ಕೂದಲಿನವರಿಗೆ ಸರಿ, ನಮ್ಮ ಕಡುಗಪ್ಪಿನ ಮೇಲೆ ಕಾಣುವುದೇ ಕಷ್ಟ.

ನನ್ನನ್ನು ಕೇಳಿದರೆ ಮದರಂಗಿಯೇ ವಾಸಿ. ಅದು ಕಪ್ಪನ್ನು ತೆಗೆಯುವುದಿಲ್ಲ, ಮೇಲೆ ಕೆಂಪು ಹಿಡಿಸುತ್ತದೆ. ಪುಡಿಯನ್ನು ಆರಿದ ಚಹಾ ಡಿಕಾಕ್ಷನ್‌ನಲ್ಲಿ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ, ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಮೇಲ್ಪದರ ಕಂದಾಗಿ, ಕೆದಕಿದರೆ ಒಳಗೆ ಹಸಿರು ಕಂಡರೆ ಬಣ್ಣ ಬಿಟ್ಟಿದೆ ಅಂತ ಅರ್ಥ. ಎಣ್ಣೆ ಇಲ್ಲದ ಕೂದಲಿಗೆ ಹಚ್ಚಿ 2-3 ಗಂಟೆ ಬಿಡಿ, ಬರೀ ನೀರಲ್ಲಿ ತೊಳೆಯಿರಿ. ಬಿಸಿಲಿಗೆ ನಿಂತಾಗ ಕೆಂಪು ಹೊಳಪು ಚೆನ್ನಾಗಿ ಕಾಣುತ್ತದೆ. ಬಿಳಿ ಕೂದಲು ಜಾಸ್ತಿ ಇದ್ದರೆ ಅದು ಕಿತ್ತಳೆ ಆಗುತ್ತದೆ, ನೆನಪಿರಲಿ.

'ಕಪ್ಪು ಮೆಹಂದಿ' ಪ್ಯಾಕೆಟ್ ಸುಮ್ನೆ ತರಬೇಡಿ. ಅದರಲ್ಲಿ ಪಿಪಿಡಿ (PPD, ಕಪ್ಪು ಬಣ್ಣ ಕೊಡುವ ರಾಸಾಯನಿಕ) ಇದೆಯಾ ಓದಿ ನೋಡಿ, ಕೆಲವರಿಗೆ ಅದರಿಂದ ಜೋರು ಅಲರ್ಜಿ ಆಗುತ್ತದೆ. ಯಾವ ಪುಡಿಯಾದರೂ ಮೊದಲು ಕಿವಿ ಹಿಂದೆ ಚೂರು ಹಚ್ಚಿ 2 ದಿನ ಕಾಯಿರಿ.